ಕಿಬ್ಲಾನುಮಾದ ಸೂಜಿ, ಕೂಲರಿನ ತಂತಿ

ನಿಮ್ಮ ಮನೆಯಲ್ಲಿ ಕಿಬ್ಲಾನುಮಾ ಇದೆಯೇ? ಉಮ್ರಾಕ್ಕೆ ಹೋಗಿ ಬಂದವರು ಉಡುಗೊರೆಯಾಗಿ ಕೊಟ್ಟದ್ದಿರಬಹುದು, ಪ್ರಯಾಣದ ಜಾನಮಾಝ್‌ನ ಮೂಲೆಗೆ ಹೊಲಿದದ್ದಿರಬಹುದು, ಇಲ್ಲವೇ ಮೊಬೈಲಿನಲ್ಲಿ ಇಳಿಸಿಕೊಂಡ ಆ್ಯಪ್ ಆಗಿರಬಹುದು. ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ನೋಡಿದರೆ ಮಕ್ಕಾ ನೇರ ಪಶ್ಚಿಮಕ್ಕಿಲ್ಲ, ಪಶ್ಚಿಮದಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ ಸರಿದಿದೆ. ಆ ಸ್ವಲ್ಪ ವ್ಯತ್ಯಾಸವನ್ನು ತಿಳಿಯಲೆಂದೇ ನಾವು ಸೂಜಿಯನ್ನು ನಂಬುತ್ತೇವೆ.

ಅದೇ ಕಿಬ್ಲಾನುಮಾವನ್ನು ಕಬ್ಬಿಣದ ಮಂಚದ ಮೇಲೋ ಅಲ್ಮಾರಿಯ ಪಕ್ಕವೋ ಇಟ್ಟು ನೋಡಿ, ಸೂಜಿ ಬೇರೆಲ್ಲೋ ತಿರುಗುತ್ತದೆ. ರೇಡಿಯೋದ ಸ್ಪೀಕರಿನ ಹತ್ತಿರ ಇಟ್ಟರಂತೂ ಅದಕ್ಕೆ ದಿಕ್ಕೇ ತಪ್ಪುತ್ತದೆ. ಮೊಬೈಲಿನ ಕಿಬ್ಲಾ ಆ್ಯಪ್ ಕೂಡ ಇದರಿಂದ ಹೊರತಲ್ಲ. ಫೋನಿನೊಳಗೆ ಭೂಮಿಯ ಅಯಸ್ಕಾಂತ ಬಲವನ್ನು ಅಳೆಯುವ ಒಂದು ಸಣ್ಣ ಭಾಗವಿರುತ್ತದೆ, ಫೋನಿನ ಕವರಿನಲ್ಲಿ ಅಯಸ್ಕಾಂತದ ಗುಂಡಿ ಇದ್ದರೆ ಅದೂ ದಾರಿ ತಪ್ಪುತ್ತದೆ. ಕವರ್ ತೆಗೆದು, ಕಬ್ಬಿಣದಿಂದ ದೂರ ನಿಂತು, ಫೋನನ್ನು ಗಾಳಿಯಲ್ಲಿ 8ರ ಆಕಾರದಲ್ಲಿ ಆಡಿಸಿ ನಂತರ ನೋಡುವುದು ಒಳ್ಳೆಯದು.

ಈ ಸೂಜಿಯನ್ನು ತಿರುಗಿಸುವ ಶಕ್ತಿಯೇ ನಮ್ಮ ಫ್ಯಾನನ್ನೂ ತಿರುಗಿಸುತ್ತದೆ. ಬೇಸಿಗೆಯಲ್ಲಿ ಕೂಲರಿನ ತಗಡು ಮುಟ್ಟಿದವರ ಜೀವ ಉಳಿಸಬಲ್ಲ ಒಂದು ಸಣ್ಣ ಡಬ್ಬಿಯೂ ಇದೇ ಶಕ್ತಿಯಿಂದ ಕೆಲಸ ಮಾಡುತ್ತದೆ. ಅದಕ್ಕಾಗಿಯೇ ಈ ಲೇಖನ. ‘ವಿಜ್ಞಾನ ನಮಗೇಕೆ’ ಎಂದು ಪುಟ ತಿರುಗಿಸಬೇಡಿ. ಮದ್ರಸಾದಲ್ಲಿ ಕಲಿತು ನಂತರ ಬಿ.ಎ. ಮಾಡಿದ ನನ್ನಂಥವರಿಗೆ ಅರ್ಥವಾಗುವುದು ಅಡುಗೆಮನೆ ನಡೆಸುವವರಿಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಹುಲ್ಲು ಕದಿಯುವ ಕಲ್ಲು, ಕಬ್ಬಿಣ ಕದಿಯುವ ಕಲ್ಲು

ಅರಬಿಯಲ್ಲಿ ವಿದ್ಯುತ್ತಿಗೆ ‘ಕಹ್ರಬಾ’ ಎನ್ನುತ್ತಾರೆ. ಇದು ಫಾರ್ಸಿಯ ‘ಕಾಹ್‌ರುಬಾ’ದಿಂದ ಬಂದ ಪದ. ಕಾಹ್ ಎಂದರೆ ಹುಲ್ಲುಕಡ್ಡಿ, ರುಬಾ ಎಂದರೆ ಕಿತ್ತುಕೊಳ್ಳುವುದು. ಹಳೆಯ ಮರಗಳ ಅಂಟು ನೆಲದಡಿ ಲಕ್ಷಾಂತರ ವರ್ಷ ಉಳಿದು ಕಲ್ಲಾದರೆ ಅದೇ ಕಹ್ರುಬಾ. ಜೇನಿನ ಬಣ್ಣದ ದುಬಾರಿ ತಸ್ಬೀಹ್‌ಗಳನ್ನು ಇದರಿಂದಲೇ ಮಾಡುತ್ತಾರೆ. ಅಸಲಿ ಕಹ್ರುಬಾದ ಮಣಿಯನ್ನು ಉಣ್ಣೆಬಟ್ಟೆಗೆ ತಿಕ್ಕಿದರೆ ಅದು ಒಣ ಹುಲ್ಲಿನ ಚೂರುಗಳನ್ನು ಎಳೆದುಕೊಳ್ಳುತ್ತದೆ. ಗ್ರೀಕರು ಇದೇ ಕಲ್ಲನ್ನು ‘ಎಲೆಕ್ಟ್ರಾನ್’ ಎಂದು ಕರೆದರು. ‘ಎಲೆಕ್ಟ್ರಿಕ್’ ಎಂಬ ಪದ ಹುಟ್ಟಿದ್ದು ಅಲ್ಲಿಂದ. ಅಂದರೆ ಅರಬಿಯೂ ಇಂಗ್ಲಿಷೂ ವಿದ್ಯುತ್ತಿಗೆ ಒಂದೇ ಕಲ್ಲಿನ ಹೆಸರಿಟ್ಟಿವೆ.

ಅಯಸ್ಕಾಂತಕ್ಕೆ ಫಾರ್ಸಿಯಲ್ಲಿ ‘ಆಹನ್‌ರುಬಾ’ ಎನ್ನುತ್ತಾರೆ, ಅಂದರೆ ಕಬ್ಬಿಣ ಕಿತ್ತುಕೊಳ್ಳುವುದು. ಹೆಸರಿನಲ್ಲಿ ಅಕ್ಕ ತಂಗಿಯರಂತಿರುವ ಈ ಎರಡನ್ನೂ ಸಾವಿರಾರು ವರ್ಷ ಜನ ಸಂಬಂಧವಿಲ್ಲದ ಎರಡು ವಿಷಯಗಳೆಂದೇ ತಿಳಿದಿದ್ದರು. ಒಂದು ತಿಕ್ಕಿದರೆ ಮಾತ್ರ ಎಳೆಯುತ್ತದೆ, ಇನ್ನೊಂದು ತಿಕ್ಕದೆಯೇ ಎಳೆಯುತ್ತದೆ. ಒಂದು ಹುಲ್ಲನ್ನು, ಇನ್ನೊಂದು ಕಬ್ಬಿಣವನ್ನು.

ಅಯಸ್ಕಾಂತದ ಸೂಜಿಯಿಂದ ದಿಕ್ಕು ತಿಳಿಯುವುದನ್ನು ಮೊದಲು ಬರೆದಿಟ್ಟವರು ಚೀನದವರು. 1088ರ ಸುಮಾರಿಗೆ ಶೆನ್ ಕುವೋ ಎಂಬ ವಿದ್ವಾಂಸ ಇದನ್ನು ವಿವರಿಸಿದ್ದಾನೆ. ಮುಸ್ಲಿಮ್ ಜಗತ್ತಿನಲ್ಲಿ 1282ರಲ್ಲಿ ಬೈಲಕ್ ಅಲ್ ಕಿಬ್ಜಾಕಿ ನಾವಿಕರು ನೀರಿನಲ್ಲಿ ಸೂಜಿ ತೇಲಿಸಿ ದಿಕ್ಕು ನೋಡುತ್ತಿದ್ದುದನ್ನು ಬರೆದ. ಅದಾಗಿ ಹತ್ತು ವರ್ಷದೊಳಗೆ ಯಮನ್‌ನ ಅಲ್ ಅಶ್ರಫ್ ಉಮರ್ ಸೂಜಿಯ ನೆರವಿನಿಂದ ಕಿಬ್ಲಾ ಕಂಡುಕೊಳ್ಳುವ ಬಗೆಯನ್ನೇ ವಿವರಿಸಿದ. ಮುಂದೆ ಅವನು ಸುಲ್ತಾನನೂ ಆದ. ಇದು ಹೆಮ್ಮೆಯ ಸಂಗತಿಯೇ. ಹಾಗೆಂದು ‘ಎಲ್ಲವನ್ನೂ ನಮ್ಮವರೇ ಕಂಡುಹಿಡಿದಿದ್ದರು’ ಎಂದು ಭಾಷಣ ಮಾಡುವವರ ಮಾತು ಸರಿಯಲ್ಲ. ಸೂಜಿ ಏಕೆ ತಿರುಗುತ್ತದೆ ಎಂಬ ಪ್ರಶ್ನೆಗೆ ಆಗ ಯಾರ ಬಳಿಯೂ ಉತ್ತರವಿರಲಿಲ್ಲ. ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಎಂದು ವಾದಿಸಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಪುಸ್ತಕ ಬರೆದದ್ದು 1600ರಲ್ಲಿ. ಅವನು ಕೂಡ ಕಹ್ರುಬಾದ ಎಳೆತವೇ ಬೇರೆ, ಅಯಸ್ಕಾಂತದ ಎಳೆತವೇ ಬೇರೆ ಎಂದೇ ಹೇಳಿದ.

ತಂತಿಯ ಪಕ್ಕದಲ್ಲಿ ತಿರುಗಿದ ಸೂಜಿ

1820ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ಎಂಬ ಪ್ರಾಧ್ಯಾಪಕರು ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದರು. ಅಷ್ಟರಲ್ಲಿ ಬ್ಯಾಟರಿಯ ಆವಿಷ್ಕಾರವಾಗಿತ್ತು. ಬ್ಯಾಟರಿಗೆ ತಂತಿ ಜೋಡಿಸಿದಾಗ ಹತ್ತಿರದಲ್ಲಿದ್ದ ದಿಕ್ಸೂಚಿಯ ಸೂಜಿ ಅಲುಗಾಡಿತು, ತಂತಿ ಬಿಡಿಸಿದಾಗ ಮತ್ತೆ ಮೊದಲಿನ ಜಾಗಕ್ಕೆ ಬಂತು. ಅಲ್ಲಿ ಕಬ್ಬಿಣವಿರಲಿಲ್ಲ, ಬೇರೆ ಅಯಸ್ಕಾಂತವೂ ಇರಲಿಲ್ಲ. ತಂತಿಯಲ್ಲಿ ಹರಿಯುತ್ತಿದ್ದ ವಿದ್ಯುತ್ತೇ ಅಯಸ್ಕಾಂತವಾಗಿತ್ತು!

ಇದನ್ನು ಮನೆಯಲ್ಲೇ ನೋಡಬಹುದು. ಕಿಬ್ಲಾನುಮಾದ ಮೇಲೆ, ಸೂಜಿಯ ಉದ್ದಕ್ಕೇ ಒಂದು ತಂತಿಯನ್ನು ಹಿಡಿದು, ಅದರ ಎರಡು ತುದಿಗಳನ್ನು ಟಾರ್ಚಿನ ಒಂದು ಸೆಲ್ಲಿಗೆ ಒಂದು ಕ್ಷಣ ಮಾತ್ರ ತಾಗಿಸಿ. ಸೂಜಿ ಅಡ್ಡಕ್ಕೆ ಜಿಗಿಯುತ್ತದೆ. ಸೆಲ್ಲನ್ನು ತಿರುಗಾಮುರುಗಾ ಮಾಡಿದರೆ ಸೂಜಿ ಇನ್ನೊಂದು ಕಡೆಗೆ ಜಿಗಿಯುತ್ತದೆ. ಹೆಚ್ಚು ಹೊತ್ತು ಹಿಡಿದರೆ ತಂತಿ ಬಿಸಿಯಾಗುತ್ತದೆ, ಮಕ್ಕಳ ಜೊತೆ ಕೂತು ಮಾಡಿಸಿ. ಮನೆಯ ಕರೆಂಟಿನಲ್ಲಿ ಈ ಪ್ರಯೋಗವನ್ನು ಎಂದಿಗೂ ಮಾಡಕೂಡದು.

ಅರ್ಸ್ಟೆಡರ ಸುದ್ದಿ ಪ್ಯಾರಿಸ್ ತಲುಪಿದ ಕೆಲವೇ ವಾರಗಳಲ್ಲಿ ಆಂಪಿಯರ್ ಎಂಬವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಎರಡು ತಂತಿಗಳಲ್ಲಿ ವಿದ್ಯುತ್ತು ಒಂದೇ ದಿಕ್ಕಿಗೆ ಹರಿದರೆ ಅವು ಪರಸ್ಪರ ಎಳೆಯುತ್ತವೆ, ಎದುರುಬದುರು ಹರಿದರೆ ದೂಡುತ್ತವೆ. ಬಲ್ಬು, ಪ್ಲಗ್ಗುಗಳ ಮೇಲೆ ನಾವು ಓದುವ ‘ಆಂಪಿಯರ್’ ಇವರದೇ ಹೆಸರು. ಎದುರುಬದುರು ಹರಿಯುವ ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಪುಸ್ತಕ ಹೊಲಿಯುವ ಹುಡುಗ

ಈ ಕಥೆಯಲ್ಲಿ ನನಗೆ ಎಲ್ಲರಿಗಿಂತ ಪ್ರಿಯರಾದವರು ಮೈಕೆಲ್ ಫ್ಯಾರಡೆ. 1791ರಲ್ಲಿ ಲಂಡನ್ನಿನ ಹತ್ತಿರ ಒಬ್ಬ ಬಡ ಕಮ್ಮಾರನ ಮನೆಯಲ್ಲಿ ಹುಟ್ಟಿದರು. ಶಾಲೆ ಓದಿದ್ದು ಓದಲು, ಬರೆಯಲು, ಲೆಕ್ಕಕ್ಕೆ ಬೇಕಾದಷ್ಟು ಮಾತ್ರ. ಹದಿನಾಲ್ಕರ ವಯಸ್ಸಿಗೆ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಏಳು ವರ್ಷ ದುಡಿದರು. ಬೇರೆಯವರ ಪುಸ್ತಕಗಳನ್ನು ಹೊಲಿಯುತ್ತಾ ಹೊಲಿಯುತ್ತಾ ಓದಿದರು.

ಹಾಗೆ ಓದಿದ ಪುಸ್ತಕಗಳಲ್ಲಿ ಒಂದನ್ನು ಬರೆದವರು ಜೇನ್ ಮಾರ್ಸೆಟ್ ಎಂಬ ಮಹಿಳೆ. ರಸಾಯನಶಾಸ್ತ್ರದ ಬಗ್ಗೆ ಒಬ್ಬ ಶಿಕ್ಷಕಿ ಮತ್ತು ಇಬ್ಬರು ಹುಡುಗಿಯರ ನಡುವಿನ ಮಾತುಕತೆಯ ರೂಪದಲ್ಲಿದ್ದ ಪುಸ್ತಕ ಅದು. ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರಿಗಾಗಿಯೇ ಬರೆದದ್ದು. ವಿಜ್ಞಾನದ ದಾರಿ ತನಗೆ ತೋರಿಸಿದ್ದು ಆ ಪುಸ್ತಕ ಎಂಬುದನ್ನು ಫ್ಯಾರಡೆ ದೊಡ್ಡವರಾದ ಮೇಲೂ ಮರೆಯಲಿಲ್ಲ. ‘ಹುಡುಗಿಗೆ ಸೈನ್ಸ್ ಯಾಕೆ, ಆರ್ಟ್ಸ್ ಸಾಕು’ ಎಂದು ಎಸ್ಸೆಸ್ಸೆಲ್ಸಿ ಆದೊಡನೆ ತೀರ್ಮಾನಿಸುವ ತಂದೆತಾಯಿಗಳು ನಮ್ಮಲ್ಲಿ ಈಗಲೂ ಇದ್ದಾರೆ. ಹುಡುಗಿಯರಿಗೆಂದು ಬರೆದ ಒಂದು ಸರಳ ಪುಸ್ತಕ ಇಲ್ಲದಿದ್ದರೆ ಈ ರಟ್ಟು ಕಟ್ಟುವ ಹುಡುಗ ಯಾವ ದಾರಿ ಹಿಡಿಯುತ್ತಿದ್ದನೋ!

ವಿದ್ಯುತ್ತಿನಿಂದ ಅಯಸ್ಕಾಂತ ಆಗುವುದಾದರೆ ಅಯಸ್ಕಾಂತದಿಂದ ವಿದ್ಯುತ್ತು ಏಕೆ ಆಗಬಾರದು? ಫ್ಯಾರಡೆ ವರ್ಷಗಳ ಕಾಲ ಇದರ ಹಿಂದೆ ಬಿದ್ದರು. 1831ರ ಆಗಸ್ಟ್ 29ರಂದು ಬಳೆಯಂಥ ಒಂದು ಕಬ್ಬಿಣದ ಉಂಗುರ ತೆಗೆದುಕೊಂಡರು. ಅದರ ಒಂದು ಬದಿಗೆ ಒಂದು ತಂತಿ ಸುತ್ತಿದರು, ಇನ್ನೊಂದು ಬದಿಗೆ ಮತ್ತೊಂದು. ಎರಡು ತಂತಿಗಳೂ ಒಂದಕ್ಕೊಂದು ಎಲ್ಲಿಯೂ ತಾಗುವಂತಿರಲಿಲ್ಲ. ಒಂದಕ್ಕೆ ಬ್ಯಾಟರಿ, ಇನ್ನೊಂದರ ಹತ್ತಿರ ಸೂಜಿ. ಬ್ಯಾಟರಿ ಜೋಡಿಸಿದ ಕ್ಷಣ ಸೂಜಿ ಕುಣಿಯಿತು, ನಂತರ ಸುಮ್ಮನಾಯಿತು. ಬ್ಯಾಟರಿ ಬಿಡಿಸಿದ ಕ್ಷಣ ಮತ್ತೆ ಕುಣಿಯಿತು.

ಗುಟ್ಟು ಇದ್ದದ್ದು ಅಲ್ಲೇ. ಅಯಸ್ಕಾಂತ ಸುಮ್ಮನಿದ್ದರೆ ಏನೂ ಆಗುವುದಿಲ್ಲ. ಅದು ಬದಲಾಗುತ್ತಿರಬೇಕು, ಇಲ್ಲವೇ ಚಲಿಸುತ್ತಿರಬೇಕು. ಅಕ್ಟೋಬರ್ 17ರಂದು ಅವರು ತಂತಿಯ ಸುರುಳಿಯೊಳಗೆ ಒಂದು ಅಯಸ್ಕಾಂತದ ಸಲಾಕೆಯನ್ನು ತೂರಿಸಿ, ಎಳೆದು ನೋಡಿದರು. ಆಡಿಸಿದಾಗೆಲ್ಲ ವಿದ್ಯುತ್ತು ಬಂತು. ಮೊಸರು ಸುಮ್ಮನಿಟ್ಟರೆ ಬೆಣ್ಣೆ ಬರುವುದಿಲ್ಲ, ಕಡೆಗೋಲು ಆಡುತ್ತಿರಬೇಕು. ಇದೂ ಹಾಗೆಯೇ.

ಫ್ಯಾರಡೆಗೆ ಗಣಿತ ಅಷ್ಟಾಗಿ ಬರುತ್ತಿರಲಿಲ್ಲ. ಅವರು ಚಿತ್ರಗಳಲ್ಲಿ ಯೋಚಿಸುತ್ತಿದ್ದರು. ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ ಕೆಳಗೆ ಅಯಸ್ಕಾಂತ ಹಿಡಿದರೆ ಪುಡಿಯೆಲ್ಲ ಸಾಲುಸಾಲಾಗಿ, ಮೆಹಂದಿಯ ಚಿತ್ತಾರದಂತೆ ನಿಲ್ಲುತ್ತದೆ. ಮಕ್ಕಳಿಗೆ ತೋರಿಸಬೇಕಿದ್ದರೆ ಕಬ್ಬಿಣದ ಪುಡಿ ಹುಡುಕುತ್ತಾ ಅಲೆಯಬೇಕಿಲ್ಲ. ಹಾಳಾದ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಾಗಿಣಾ ನದಿಯ ಒಣ ಮರಳಿನಲ್ಲಿ ಎಳೆದಾಡಿಸಿ ನೋಡಲಿ. ಚೀಲಕ್ಕೆ ಅಂಟುವ ಕಪ್ಪು ಕಣಗಳು ಕಬ್ಬಿಣದ ಅದಿರಿನವೇ.

ಆ ಸಾಲುಗಳನ್ನು ಗಣಿತಕ್ಕೆ ಇಳಿಸಿದವರು ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ವಿದ್ಯುತ್ತೂ ಅಯಸ್ಕಾಂತವೂ ಸೇರಿ ಅಲೆಯಾಗಿ ಸಾಗಬಲ್ಲವು, ಅದರ ವೇಗ ಬೆಳಕಿನ ವೇಗವೇ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್, ಆದ್ದರಿಂದ ಬೆಳಕೂ ಅಂಥದೇ ಅಲೆ ಎಂದು 1865ರಲ್ಲಿ ಪ್ರಕಟಿಸಿದರು. ಜರ್ಮನಿಯ ಹರ್ಟ್ಸ್ 1880ರ ದಶಕದ ಕೊನೆಯಲ್ಲಿ ಅಂಥ ಅಲೆಗಳನ್ನು ಪ್ರಯೋಗಶಾಲೆಯಲ್ಲೇ ಎಬ್ಬಿಸಿದರು. ನಮ್ಮ ದೇಶದ ಜಗದೀಶ್ ಚಂದ್ರ ಬೋಸ್ 1895ರಲ್ಲಿ ಕಲ್ಕತ್ತೆಯಲ್ಲಿ ತಂತಿಯಿಲ್ಲದೆ ದೂರದ ಗಂಟೆ ಬಾರಿಸಿ ತೋರಿಸಿದರು. ಸೌದಿಯಲ್ಲಿರುವ ಮಗನ ಧ್ವನಿ ಇಂದು ನಮ್ಮ ಮೊಬೈಲಿಗೆ ಬರುವುದು ಅದೇ ಅಲೆಗಳ ಮೇಲೆ.

ಶಕ್ತಿನಗರದಿಂದ ನಮ್ಮ ಓಣಿಯ ಟಿಸಿವರೆಗೆ

ನಮ್ಮ ನಾಡಿಗೆ ಈ ಶಕ್ತಿ ದೊಡ್ಡ ಪ್ರಮಾಣದಲ್ಲಿ ಬಂದದ್ದು 1902ರಲ್ಲಿ. ಶಿವನಸಮುದ್ರದಲ್ಲಿ ಕಾವೇರಿಯ ನೀರು ಯಂತ್ರ ತಿರುಗಿಸಿತು, ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದು 1905ರಲ್ಲಿ. ಆಗ ನಮ್ಮ ಕಡೆ ನಿಜಾಮರ ಆಡಳಿತ. ಆದರೆ ಅಯಸ್ಕಾಂತದ ಶಕ್ತಿ ನಮ್ಮೂರುಗಳಿಗೆ ದೀಪಕ್ಕಿಂತ ಮುಂಚೆಯೇ ಬೇರೊಂದು ದಾರಿಯಿಂದ ಬಂದಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದ್‌ಗೆ ರೈಲು ಆರಂಭವಾಯಿತು. ಚಿತ್ತಾಪುರ, ಸೇಡಂ ಅದೇ ಹಾದಿಯಲ್ಲಿವೆ. ರೈಲಿನ ಜೊತೆ ಟೆಲಿಗ್ರಾಫ್ ಇರಲೇಬೇಕಿತ್ತು. ಎಲ್ಲೋ ದೂರದ ಸ್ಟೇಷನ್ನಿನಲ್ಲಿ ಗುಂಡಿ ಒತ್ತಿದರೆ ಇಲ್ಲಿ ತಂತಿಯ ಸುರುಳಿ ಅಯಸ್ಕಾಂತವಾಗಿ ಒಂದು ಸನ್ನೆಯನ್ನು ಎಳೆದು ‘ಟಿಕ್’ ಎನ್ನಿಸುತ್ತಿತ್ತು. ಸಾವು ನೋವಿನ, ಮದುವೆ ಮುಂಜಿಯ ತಂತಿ ಸುದ್ದಿಗಳೆಲ್ಲ ಬಂದದ್ದು ಆ ಟಿಕ್ ಟಿಕ್‌ನಿಂದಲೇ. ದೇಶದಲ್ಲಿ ಟೆಲಿಗ್ರಾಂ ಸೇವೆ ನಿಂತದ್ದು 2013ರ ಜುಲೈಯಲ್ಲಿ.

ಈಗ ವಾಡಿ ಜಂಕ್ಷನ್ನಿನಲ್ಲಿ ಹಳಿಗಳ ಮೇಲೆ 25,000 ವೋಲ್ಟಿನ ತಂತಿ ಹಾದಿದೆ. ನಿಂತ ಗೂಡ್ಸ್ ಗಾಡಿಯ ಮೇಲೆ ಹತ್ತಿ ಸೆಲ್ಫಿ ತೆಗೆಯುವ ಹುಡುಗರಿಗೆ ತಾಯಂದಿರು ಒಂದು ಮಾತು ಹೇಳಿಡಬೇಕು. ಅಷ್ಟು ವೋಲ್ಟಿನ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೂ ವಿದ್ಯುತ್ತು ಗಾಳಿಯಲ್ಲೇ ಜಿಗಿದು ಹಿಡಿಯುತ್ತದೆ.

ಪಕ್ಕದ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ನಡೆಯುತ್ತಿರುವ ಶಾಖೋತ್ಪನ್ನ ಕೇಂದ್ರದ ಸಾಮರ್ಥ್ಯ 1,720 ಮೆಗಾವ್ಯಾಟ್. ಅಲ್ಲಿ ನಡೆಯುವುದೂ ಫ್ಯಾರಡೆಯ ಕೆಲಸವೇ. ಕಲ್ಲಿದ್ದಲು ಸುಟ್ಟು ನೀರು ಕಾಯಿಸುತ್ತಾರೆ, ಉಗಿ ಒಂದು ಚಕ್ರವನ್ನು ತಿರುಗಿಸುತ್ತದೆ, ಚಕ್ರಕ್ಕೆ ಜೋಡಿಸಿದ ದೈತ್ಯ ಅಯಸ್ಕಾಂತ ತಾಮ್ರದ ಸುರುಳಿಗಳ ನಡುವೆ ನಿಮಿಷಕ್ಕೆ 3,000 ಸುತ್ತು ಸುತ್ತುತ್ತದೆ. ಶರಾವತಿಯಲ್ಲಿ ತಿರುಗಿಸುವುದು ನೀರು, ಕೈಗಾದಲ್ಲಿ ಅಣುಶಕ್ತಿಯಿಂದಾದ ಉಗಿ, ಗಾಳಿಯಂತ್ರದಲ್ಲಿ ಗಾಳಿ. ತಿರುಗಿಸುವವರು ಬೇರೆ ಬೇರೆ, ತಿರುಗುವುದು ಅಯಸ್ಕಾಂತ. ಪಾವಗಡದಂಥ ಸೌರ ಫಲಕಗಳು ಮಾತ್ರ ಇದಕ್ಕೆ ಹೊರತು. ಅಲ್ಲಿ ಏನೂ ತಿರುಗುವುದಿಲ್ಲ.

ಅಲ್ಲಿಂದ ಬಂದ ವಿದ್ಯುತ್ತು ನಮ್ಮ ಓಣಿಯ ಟಿಸಿಗೆ 11,000 ವೋಲ್ಟಿನಲ್ಲಿ ಬಂದು ಮನೆಗೆ 230 ವೋಲ್ಟಾಗಿ ಇಳಿಯುತ್ತದೆ. ಟಿಸಿಯೊಳಗೆ ಏನಿದೆ ಗೊತ್ತೇ? ಕಬ್ಬಿಣದ ಚೌಕಟ್ಟು, ಅದರ ಮೇಲೆ ಎರಡು ಬಗೆಯ ತಂತಿಯ ಸುರುಳಿ. ಒಂದರಲ್ಲಿ ಸುತ್ತು ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಎರಡರ ನಡುವೆ ತಂತಿಯ ಜೋಡಣೆ ಇಲ್ಲವೇ ಇಲ್ಲ. ಅಂದರೆ 1831ರ ಆ ಉಂಗುರವೇ ದೊಡ್ಡದಾಗಿ ಕಂಬಕ್ಕೇರಿದೆ. ಚಿಂಚೋಳಿಯ ತಾಂಡಾಗಳಲ್ಲಿ ‘ಟಿಸಿ ಸುಟ್ಟಿತು’ ಎಂದರೆ ಸಾಮಾನ್ಯವಾಗಿ ಅರ್ಥ ಇಷ್ಟೇ: ಹೊರಲಾರದಷ್ಟು ಪಂಪ್‌ಸೆಟ್ಟುಗಳು ಒಟ್ಟಿಗೆ ಎಳೆದು ಆ ಸುರುಳಿ ಕಾದು ಸುಟ್ಟಿದೆ.

ಅಡುಗೆಮನೆಯಲ್ಲಿ

ಶೇಂಗಾ ಹಿಂಡಿ ಕುಟ್ಟುವ ಮಿಕ್ಸರ್, ಫ್ಯಾನ್, ಗಿರಣಿ, ತೊಗರಿಬೇಳೆ ಮಿಲ್ಲು, ಶಹಾಬಾದ್ ಕಲ್ಲು ಕೊಯ್ಯುವ ಯಂತ್ರ, ಸಿಮೆಂಟ್ ಕಾರ್ಖಾನೆಯಲ್ಲಿ ಕಲ್ಲು ಅರೆಯುವ ದೈತ್ಯ ಗಿರಣಿ, ಎಲ್ಲದರ ಹೊಟ್ಟೆಯಲ್ಲೂ ಮೋಟಾರು. ಮೋಟಾರೆಂದರೆ ವಿದ್ಯುತ್ತಿನಿಂದ ಅಯಸ್ಕಾಂತವಾಗುವ ಸುರುಳಿಗಳ ಎಳೆದಾಟ, ದೂಡಾಟ. ನಮ್ಮೂರ ಪೇಟೆಗಳ ವೈಂಡಿಂಗ್ ಅಂಗಡಿಗಳಲ್ಲಿ ಕೂತು ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತುವ ನಮ್ಮ ಹುಡುಗರು ದಿನವೂ ಮಾಡುತ್ತಿರುವುದು ಫ್ಯಾರಡೆ, ಆಂಪಿಯರರ ಕೆಲಸವನ್ನೇ. ಆ ಹುಡುಗರಿಗೆ ಇದನ್ನು ಯಾರಾದರೂ ಹೇಳಿದ್ದಾರೋ ಇಲ್ಲವೋ.

ಫ್ಯಾನು ನಿಧಾನವಾದರೆ ಕೂಡಲೇ ಹೊಸದು ಕೊಳ್ಳಬೇಡಿ. ಬಹಳ ಸಲ ಕೆಟ್ಟಿರುವುದು ಒಳಗಿನ ಕಂಡೆನ್ಸರ್ ಮಾತ್ರ. ಕೊಳ್ಳಲೇಬೇಕಿದ್ದರೆ ಬಿಎಲ್‌ಡಿಸಿ ಫ್ಯಾನ್ ವಿಚಾರಿಸಿ. ಹಳೆಯ ಫ್ಯಾನು 75 ವ್ಯಾಟ್ ಎಳೆಯುತ್ತದೆ. ದಿನಕ್ಕೆ 16 ಗಂಟೆ ತಿರುಗಿದರೆ ತಿಂಗಳಿಗೆ 36 ಯೂನಿಟ್. ಬಿಎಲ್‌ಡಿಸಿಯ ಒಳಗೆ ಶಾಶ್ವತ ಅಯಸ್ಕಾಂತಗಳೇ ಇರುವುದರಿಂದ ಸುಮಾರು 30 ವ್ಯಾಟ್ ಸಾಕು, ಅಂದರೆ ತಿಂಗಳಿಗೆ 15 ಯೂನಿಟ್ ಒಳಗೆ. 2023ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲೇ ಚಾಲನೆ ಪಡೆದ ಗೃಹಜ್ಯೋತಿಯ ಲೆಕ್ಕ ಪ್ರತಿ ಮನೆಯ ಹಿಂದಿನ ಬಳಕೆಯ ಮೇಲೆ ನಿಂತಿರುವುದರಿಂದ, ಬೇಸಿಗೆಯಲ್ಲಿ ಮಿತಿ ದಾಟುವ ಮನೆಗಳಿಗೆ ಇದು ಸಣ್ಣ ಮಾತಲ್ಲ.

ಇಂಡಕ್ಷನ್ ಒಲೆಯಲ್ಲಿ ಬೆಂಕಿಯಿಲ್ಲ, ಕಾಯುವ ತಂತಿಯೂ ಇಲ್ಲ. ಗಾಜಿನ ಕೆಳಗಿನ ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ಹಿಂದೆ ಮುಂದೆ ಓಡುತ್ತದೆ. ಆ ಬದಲಾಗುವ ಅಯಸ್ಕಾಂತ ಬಲ ಪಾತ್ರೆಯ ತಳದಲ್ಲೇ ವಿದ್ಯುತ್ತಿನ ಸುಳಿಗಳನ್ನು ಎಬ್ಬಿಸಿ ತಳವನ್ನೇ ಬಿಸಿ ಮಾಡುತ್ತದೆ. ಅದಕ್ಕೇ ಅಲ್ಯೂಮಿನಿಯಂ, ತಾಮ್ರದ ಪಾತ್ರೆ ಅದರ ಮೇಲೆ ಕಾಯುವುದಿಲ್ಲ. ಕೆಲವು ಸ್ಟೀಲ್ ಪಾತ್ರೆಗಳೂ ಕಾಯುವುದಿಲ್ಲ. ಪಾತ್ರೆ ಅಂಗಡಿಗೆ ಹೋಗುವಾಗ ಒಂದು ಚೂರು ಅಯಸ್ಕಾಂತ ಪರ್ಸಿನಲ್ಲಿರಲಿ. ತಳಕ್ಕೆ ಗಟ್ಟಿಯಾಗಿ ಅಂಟಿದರೆ ಕೊಳ್ಳಿ, ಇಲ್ಲದಿದ್ದರೆ ಅಂಗಡಿಯವರು ಏನೇ ಹೇಳಿದರೂ ಬೇಡ.

ಕೂಲರಿನ ವಿಷಯ

ಏಪ್ರಿಲ್ ಬಂತೆಂದರೆ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಮನೆಮನೆಗೂ ಕೂಲರ್ ಬರುತ್ತದೆ. ಪ್ರತಿ ಬೇಸಿಗೆಯಲ್ಲೂ ಕೂಲರ್ ಮುಟ್ಟಿ ಸತ್ತವರ ಸುದ್ದಿಯೂ ಬರುತ್ತದೆ. ಹೆಚ್ಚಾಗಿ ಮಹಿಳೆಯರು, ಮಕ್ಕಳು. ಏಕೆಂದರೆ ನೀರು ತುಂಬುವವರು ಅವರೇ. ತಗಡಿನ ಮೈ, ಒಳಗೆ ನೀರು, ನೀರಿನಲ್ಲೇ ಮುಳುಗಿದ ಪಂಪು, ಒದ್ದೆ ಕೈ, ಬರಿಗಾಲು. ಪಂಪಿನ ಅಥವಾ ಮೋಟಾರಿನ ತಂತಿಯ ಮೇಲಿನ ಹೊದಿಕೆ ಎಲ್ಲೋ ಸವೆದಿದ್ದರೆ ಇಡೀ ತಗಡಿಗೆ ಕರೆಂಟು ಬರುತ್ತದೆ.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ, ಉದ್ದ ಪಿನ್ನು ಇರುವುದು ಇದಕ್ಕಾಗಿಯೇ. ತಗಡಿಗೆ ಬಂದ ಕರೆಂಟನ್ನು ಅದು ನೆಲಕ್ಕೆ ಇಳಿಸುತ್ತದೆ. ಸಾಕೆಟ್ಟಿಗೆ ಹೋಗುವುದಿಲ್ಲವೆಂದು ಆ ಪಿನ್ನನ್ನು ಮುರಿದು ಹಾಕುವವರಿದ್ದಾರೆ. ಅದು ಜೀವದ ಜೊತೆ ಆಟ. ಪಿನ್ನು ಸರಿಯಿದ್ದರೂ ನಮ್ಮ ಊರುಗಳಲ್ಲಿ ಇನ್ನೊಂದು ತೊಡಕಿದೆ. ವಾಡಿ, ಶಹಾಬಾದ್ ಸುತ್ತ ಸ್ವಲ್ಪ ಅಗೆದರೆ ಹಾಸುಗಲ್ಲೇ ಸಿಗುತ್ತದೆ. ಕಲ್ಲಿನಲ್ಲಿ, ಒಣಗಿದ ಮಣ್ಣಿನಲ್ಲಿ ವಿದ್ಯುತ್ತು ಸರಿಯಾಗಿ ಇಳಿಯುವುದಿಲ್ಲ. ಕೂಲರ್ ಓಡುವ ಮೇ ತಿಂಗಳಲ್ಲೇ ಅರ್ಥಿಂಗ್ ಗುಂಡಿ ಪೂರ್ತಿ ಒಣಗಿರುತ್ತದೆ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕಿಸಿ. ಅರ್ಥಿಂಗ್ ಗುಂಡಿ ಎಲ್ಲಿದೆಯೆಂದು ಮನೆಯವರಿಗೇ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ನನನ್ನು ಕರೆದು ತೋರಿಸಿ.

‘ನಮ್ಮಲ್ಲಿ ಎಂಸಿಬಿ ಇದೆಯಲ್ಲ’ ಎನ್ನುತ್ತಾರೆ. ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 16 ಆಂಪಿಯರಿನ ಎಂಸಿಬಿ ಅದಕ್ಕಿಂತ ಹೆಚ್ಚು ಹರಿದರೆ ಮಾತ್ರ ಬೀಳುತ್ತದೆ. ಮನುಷ್ಯನ ಹೃದಯ ನಿಲ್ಲಲು ಒಂದು ಆಂಪಿಯರಿನ ಹತ್ತನೆಯ ಒಂದು ಭಾಗ ಸಾಕು.

ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ ಎಂಬ ಡಬ್ಬಿ. ನಮ್ಮ ಎಲೆಕ್ಟ್ರಿಷಿಯನ್ನರು ಹಳೆಯ ರೂಢಿಯಂತೆ ಇಎಲ್‌ಸಿಬಿ ಎನ್ನುತ್ತಾರೆ. ಅದರೊಳಗೆ ಮತ್ತದೇ ಫ್ಯಾರಡೆಯ ಉಂಗುರ! ಮನೆಗೆ ಬರುವ ತಂತಿ, ಹಿಂದಿರುಗುವ ತಂತಿ ಎರಡೂ ಆ ಉಂಗುರದ ಮೂಲಕ ಹಾದುಹೋಗುತ್ತವೆ. ಬಂದಷ್ಟೇ ಕರೆಂಟು ಹಿಂದಿರುಗಿದರೆ ಎದುರುಬದುರು ಹರಿಯುವ ಎರಡರ ಅಯಸ್ಕಾಂತ ಬಲವೂ ಸರಿಸಮವಾಗಿ ಒಂದನ್ನೊಂದು ಅಳಿಸಿಹಾಕುತ್ತದೆ, ಉಂಗುರ ಸುಮ್ಮನಿರುತ್ತದೆ. ಯಾರದೋ ಕೈಯ ಮೂಲಕ ಸ್ವಲ್ಪ ಕರೆಂಟು ನೆಲಕ್ಕೆ ಸೋರಿದರೆ ಹಿಂದಿರುಗುವುದು ಕಡಿಮೆಯಾಗುತ್ತದೆ. ಆ ಸಣ್ಣ ವ್ಯತ್ಯಾಸಕ್ಕೇ ಉಂಗುರ ಅಯಸ್ಕಾಂತವಾಗಿ, ಅದಕ್ಕೆ ಸುತ್ತಿದ ಮೂರನೆಯ ತಂತಿಯಲ್ಲಿ ವಿದ್ಯುತ್ತು ಹುಟ್ಟಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಇಡೀ ಮನೆಯ ಕರೆಂಟನ್ನು ಕಡಿದುಹಾಕುತ್ತದೆ. ಮನೆಗೆ ಬೇಕಾದದ್ದು 30 ಮಿಲಿಆಂಪಿಯರಿನದು, ಅಂಗಡಿಯಲ್ಲಿ ಆ ಸಂಖ್ಯೆ ನೋಡಿಯೇ ಕೊಳ್ಳಬೇಕು. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಮಾತ್ರ ಅದೂ ಕಾಯಲಾರದು, ಸೋರಿಕೆಯಾಗಿದೆಯೆಂದು ಅದಕ್ಕೆ ತಿಳಿಯುವುದೇ ಇಲ್ಲ.

ಮಗಳ ಮದುವೆಗೆ ಫ್ರಿಜ್, ವಾಷಿಂಗ್ ಮೆಷಿನ್ ಕೊಡಿಸುವಾಗ ಯಾರೂ ಈ ಡಬ್ಬಿಯ ಹೆಸರೆತ್ತುವುದಿಲ್ಲ. ಹೊಸ ಮನೆ ಕಟ್ಟಿಸುವಾಗಲೂ ಟೈಲ್ಸಿನ ಬಣ್ಣದ ಬಗ್ಗೆ ನಡೆಯುವ ಚರ್ಚೆಯ ಕಾಲುಭಾಗ ಇದಕ್ಕೆ ಸಿಗುವುದಿಲ್ಲ.

ನಿಮ್ಮ ಮನೆಯಲ್ಲಿ ಆರ್‌ಸಿಸಿಬಿ ಈಗಾಗಲೇ ಇದ್ದರೆ ಅದರ ಮೇಲೆ ಒಂದು ಸಣ್ಣ ಟೆಸ್ಟ್ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಿ ನೋಡಿ. ‘ಟಕ್’ ಎಂದು ಬಿದ್ದು ಮನೆಯ ಕರೆಂಟು ಹೋಗಬೇಕು. ಹೋಗದಿದ್ದರೆ ಅಂದೇ ಬದಲಿಸಲು ಹೇಳಿ. ಅದು ಇರಲಿ, ಇಲ್ಲದಿರಲಿ, ಕೂಲರಿಗೆ ನೀರು ತುಂಬುವ ಮುನ್ನ ಸ್ವಿಚ್ ಆರಿಸಿದರೆ ಸಾಲದು. ಕೆಲವು ಮನೆಗಳಲ್ಲಿ ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲ್ ತಂತಿಗೆ ಹಾಕಿರುತ್ತಾರೆ, ಆರಿಸಿದರೂ ಒಳಗೆ ಕರೆಂಟು ಇರುತ್ತದೆ. ಪ್ಲಗ್ಗನ್ನೇ ಕಿತ್ತು ಪಕ್ಕಕ್ಕಿಟ್ಟು, ಆಮೇಲೆ ಕೊಡ ಎತ್ತಿ.